ಮಾರಿಷಸ್ಸಿನ ತಂಗಿ

ನಾನು ಹೇಳಬೇಕಾಗಿದ್ದದ್ದು ತೀರ ಚಿಕ್ಕ ಮಾತು. “ಇವಳು ನನ್ನ ತಂಗಿ” ಎನ್ನಬೇಕಿತ್ತು, ಅಷ್ಟೆ. ಅದಕ್ಕೆ ಓದು ಬೇಕಿರಲಿಲ್ಲ, ಉಸಿರಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಆಡಿದ ಮಾತು ಹೇಗೋ ಗಾಳಿಗೆ ಹೋಗಿಬಿಡುತ್ತದೆ. ಆಡದೆ ಉಳಿದದ್ದು ಮಾತ್ರ ಮನೆಯೊಳಗೇ ಸುತ್ತುತ್ತ, ಕುರ್ಚಿ ಮೇಜುಗಳಿಗೆ ಡಿಕ್ಕಿ ಹೊಡೆಯುತ್ತ, ಮನುಷ್ಯನನ್ನೂ ತನ್ನ ಹಿಂದೆ ಓಡಾಡಿಸುತ್ತದೆ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ ನಾನು ಕೂತಲ್ಲಿ ಕೂರದೆ ಅಡ್ಡಾಡುವ ಸದ್ದು ಕೇಳಿ ಕೇಳಿ ಬೇಸತ್ತ ಕೆಳಮನೆಯ ಗುಜರಾತಿ ಅಜ್ಜಿ, ನಾವೇನಾದರೂ ಹೊಸದಾಗಿ ನಾಯಿ ತಂದಿದ್ದೇವೆಯೇ ಎಂದು ವಿಚಾರಿಸಿದರು.

ನಾನು ಎಂಥವನು ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಇಲ್ಲದಿದ್ದರೆ ಈ ತಪ್ಪಿನ ರುಚಿ ನಿಮಗೆ ಹತ್ತುವುದಿಲ್ಲ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತಂಗಿ ನಳಿನಿ ಓದಲಿ ಎಂದು ಬಿಟ್ಟೆ ಎಂದು ನೆಂಟರ ಮುಂದೆ ಹೇಳಿಕೊಳ್ಳುವುದುಂಟು. ನಿಜ ಸಂಗತಿಯೆಂದರೆ ಬೀಜಗಣಿತವೂ ನಾನೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ತುಮಕೂರಿನ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕೆಲಸ ಕಲಿತು, ಯಾರ ಯಾರದೋ ಕೃಪೆಯಿಂದ ನೈರೋಬಿ ಸೇರಿ, ಇಂಡಸ್ಟ್ರಿಯಲ್ ಏರಿಯಾದ ಪ್ಲಾಸ್ಟಿಕ್ ಬಕೆಟ್ಟು, ಕೊಡಗಳ ಒಂದು ಕಾರ್ಖಾನೆಯಲ್ಲಿ ಅಚ್ಚು ನೋಡಿಕೊಳ್ಳುವ ಸೂಪರ್‌ವೈಸರ್ ಆದೆ. ಇಲ್ಲಿನ ಕನ್ನಡದವರು ಆಗಾಗ ಒಂದೆಡೆ ಸೇರುತ್ತಾರೆ. ಬ್ಯಾಂಕಿನವರು, ಇಂಜಿನಿಯರುಗಳು, ಔಷಧ ಕಂಪನಿಯ ಮ್ಯಾನೇಜರುಗಳು ಇರುವ ಆ ಗುಂಪಿಗೆ ನಾನು ಗರಿಗರಿಯಾಗಿ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು, ಜೇಬಿಗೊಂದು ಒಳ್ಳೆಯ ಪೆನ್ನು ಸಿಕ್ಕಿಸಿಕೊಂಡು ಹೋಗುತ್ತೇನೆ. ಆ ಪೆನ್ನಿನಿಂದ ನಾನು ಬರೆದದ್ದು ಕಡಿಮೆ, ಕೇಳಿದವರಿಗೆ ಕೊಟ್ಟು ವಾಪಸು ಪಡೆದದ್ದೇ ಹೆಚ್ಚು. ಎಲ್ಲಿ ಯಾರು ನಕ್ಕುಬಿಡುತ್ತಾರೋ ಎಂಬ ಅಂಜಿಕೆಗೆ ನಾನು ಹಾಕಿಕೊಂಡ ವೇಷ ಅದು.

ನಳಿನಿಗೆ ಅಂಥ ಅಂಜಿಕೆಯೇ ಇಲ್ಲ. ಬೆಂಗಳೂರಿನ ಟೆಲಿಕಾಂ ಕಂಪನಿಯೊಂದು ಅವಳನ್ನು ಇಲ್ಲಿಗೆ ಕಳಿಸಿ ಆಗ ಎರಡು ತಿಂಗಳಾಗಿತ್ತಷ್ಟೆ. ನನ್ನ ಜೊತೆಯಲ್ಲೇ ಇದ್ದಳು. ಕೆಲಸದ ಗಡಿಬಿಡಿಯಲ್ಲಿ ನಮ್ಮ ಗುಂಪಿನ ಯಾರನ್ನೂ ಇನ್ನೂ ಕಂಡಿರಲಿಲ್ಲ. ಆದರೆ ಮೇಲಿನ ಮಹಡಿಯಲ್ಲಿದ್ದ ಯೂನಾ ಎಂಬ ಕೊರಿಯಾದ ಹುಡುಗಿ ಅವಳಿಗೆ ಲಿಫ್ಟಿನಲ್ಲೇ ಗೆಳತಿಯಾಗಿದ್ದಳು. ಅವರ ಊರಿನಲ್ಲಿ ರಜೆ ಬಂದರೆ ಹರೆಯದವರು ಹಳೆಯ ಕಾಲದ ಉಡುಪು ತೊಟ್ಟು ಅರಮನೆಗಳನ್ನು ನೋಡಲು ಹೊರಡುತ್ತಾರಂತೆ, ದಿನವಿಡೀ ಹಾಗೇ ಪೇಟೆ ಸುತ್ತಿ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಯೂನಾ ಅದನ್ನು ನೆನೆದು ನಿಟ್ಟುಸಿರಿಟ್ಟಾಗ ನಳಿನಿ, “ಇಲ್ಲೇ ಮಾಡೋಣ ಬಾ. ನನ್ನ ಸೀರೆ ನೀನುಡು, ನಿನ್ನ ಬಟ್ಟೆ ನಾನು ಹಾಕ್ಕೋತೀನಿ” ಎಂದು ಇಂಗ್ಲಿಷಿನಲ್ಲಿ ಒಪ್ಪಂದ ಮಾಡಿಕೊಂಡು ಬಂದು ನನಗೆ ಕನ್ನಡದಲ್ಲಿ ಅಪ್ಪಣೆ ಕೊಟ್ಟಳು: “ಅಣ್ಣ, ನೀನೇ ಡ್ರೈವರ್ರು.”

ಡಿಸೆಂಬರಿನ ಜಮ್ಹೂರಿ ದಿನ, ಎಂದರೆ ಕೀನ್ಯಾದ ಸ್ವಾತಂತ್ರ್ಯದ ಹಬ್ಬ, ಇಡೀ ದೇಶಕ್ಕೆ ರಜೆ. ಬೆಳಿಗ್ಗೆ ಮೆಟ್ಟಿಲಿಳಿದು ಬಂದ ಇಬ್ಬರನ್ನೂ ನೋಡಿದೆ. ಮೈಸೂರು ರೇಷ್ಮೆಯುಟ್ಟ ಯೂನಾಳನ್ನು ಕಂಡು ನನ್ನ ಎದೆ ಉಬ್ಬಿತು. ಆಮೇಲೆ ನನ್ನ ತಂಗಿ ಬಂದಳು. ಎದೆಯಿಂದಲೇ ಶುರುವಾಗಿ ಪಾದದವರೆಗೆ ಗಂಟೆಯಂತೆ ಅರಳಿಕೊಂಡ ಆಕಾಶಬಣ್ಣದ ಲಂಗ, ಅದರ ಮೇಲೆ ಅಂಗೈಯಗಲದ ಹಳದಿ ಕುಪ್ಪಸ, ಒಂದು ಪಕ್ಕಕ್ಕೆ ಬಿಗಿದು ಮೊಣಕಾಲಿನತನಕ ಇಳಿಬಿಟ್ಟ ಕೆಂಪು ಪಟ್ಟಿ. ಹಾನ್‌ಬೊಕ್ ಎಂದು ಹೆಸರಂತೆ. “ಹೆಂಗಿದೆ?” ಎಂದು ಕೇಳಿದಳು. ಕಾರಿನ ಬಾಗಿಲಿಗೆ ಸಿಕ್ಕೀತು, ಎತ್ತಿಕೊಂಡು ಕೂರು ಎಂದೆ. ಅದೂ ಒಂದು ಉತ್ತರವೇ.

ಊರಿನ ನಡುವೆ ಕಾರು ನಿಲ್ಲಿಸಿ ಉದ್ಯಾನದತ್ತ ನಡೆದಾಗ ರಸ್ತೆಯೇ ಅವರ ಕಡೆ ತಿರುಗಿತು. ಮಟಾಟು ಬಸ್ಸಿನ ಬಾಗಿಲಿಗೆ ಜೋತುಬಿದ್ದಿದ್ದ ಕಂಡಕ್ಟರು “ಸಫಿ ಸಾನಾ, ಮಾಮಾ!” ಎಂದು ಸ್ವಾಹಿಲಿಯಲ್ಲಿ ‘ಭೇಷ್, ತಾಯಿ’ ಎನ್ನುತ್ತ ಬಸ್ಸಿನ ತಗಡು ಬಡಿದ. ರಜೆಗೆಂದು ಸಿಂಗರಿಸಿಕೊಂಡು ಬಂದಿದ್ದ ಹೆಂಗಸರು ನಳಿನಿಯ ಲಂಗವನ್ನು ಮುಟ್ಟಿ ನೋಡಿ, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಯಾರಿಗೂ ಇದು ಯಾಕೆ, ಇವಳು ಯಾರು ಎಂಬ ಪ್ರಶ್ನೆ ಇರಲಿಲ್ಲ. ನನಗೆ ಮಾತ್ರ ಕಾಲಡಿಯಲ್ಲಿ ಕೆಂಡ. ಕನ್ನಡದವರು ಯಾರಾದರೂ ಕಂಡರೆ? ಹೆಜ್ಜೆ ನಿಧಾನ ಮಾಡಿದೆ. ಬೂಟಿನ ದಾರ ಕಟ್ಟಿದೆ, ಬಿಚ್ಚಿ ಮತ್ತೆ ಕಟ್ಟಿದೆ. ಫೋನು ಬಾರದೆಯೂ ಫೋನಿನಲ್ಲಿ ಮಾತಾಡಿದೆ. ಅಷ್ಟರಲ್ಲಿ ಅವರಿಬ್ಬರಿಗೂ ನನಗೂ ನಡುವೆ, ಜೊತೆಗೆ ಬಂದವನು ಎಂದು ಯಾರೂ ಆಪಾದಿಸಲಾಗದಷ್ಟು ದೂರ ಏರ್ಪಟ್ಟಿತ್ತು.

ಆಮೇಲೆ ಲಂಗಾಟಾದ ಕಡೆ, ಜಿರಾಫೆಗಳಿಗೆ ಕೈಯಾರೆ ತಿನ್ನಿಸುವ ಜಾಗಕ್ಕೆ ಹೋದೆವು. ನಳಿನಿ ಕಟಾಂಜನದ ಬಳಿ ಅಂಗೈ ಚಾಚಿ ನಿಂತಿದ್ದಳು. ಯೂನಾ ನನ್ನ ಪಕ್ಕದಲ್ಲಿ ಸೆರಗಿನೊಡನೆ ಸೆಣಸುತ್ತಿದ್ದಳು. ಹಿಂದಿನಿಂದ ಯಾರೋ “ಏನ್ರೀ ಶ್ರೀಕಂಠಯ್ಯ!” ಎಂದರು. ಔಷಧ ಕಂಪನಿಯ ಗುರುಮೂರ್ತಿಗಳು, ಸಪತ್ನೀಕರಾಗಿ. ಗುಂಪಿನಲ್ಲಿ ಅವರು ನಕ್ಕರೆ ಎಲ್ಲರೂ ನಗುತ್ತಾರೆ.

ಅವರ ಹೆಂಡತಿ ಯೂನಾಳನ್ನು ಕಂಡು ಕರಗಿಯೇ ಹೋದರು. “ಅಯ್ಯೋ, ಎಷ್ಟ್ ಚೆನ್ನಾಗ್ ಉಟ್ಟಿದಾಳೆ ನೋಡ್ರೀ! ನಮ್ ಕಲ್ಚರ್ ಅಂದ್ರೆ ಅವ್ರಿಗೆ ಎಷ್ಟ್ ಗೌರವ.” ಮೇಲಿನ ಮಹಡಿಯವರು, ಸೀರೆ ನಮ್ಮ ಮನೆಯದೇ ಎಂದು ನಾನು ಬೀಗಿದೆ. ಆಕೆ ಕಟಾಂಜನದತ್ತ ಗದ್ದವೆತ್ತಿ ಕೇಳಿದರು, “ಅಲ್ಲೊಬ್ಳು ಗಂಟೆ ತರ ನಿಂತಿದಾಳಲ್ಲ, ನಮ್ ಇಂಡಿಯಾದವ್ಳ ತರ ಇದಾಳೆ. ಯಾರವ್ಳು?”

“ಇವರ ಫ್ರೆಂಡು. ಮಾರಿಷಸ್ಸಿನವರಂತೆ. ನಂಗೂ ಅಷ್ಟು ಪರಿಚಯ ಇಲ್ಲ” ಎಂದೆ.

ಮಾರಿಷಸ್ ಎಲ್ಲಿಂದ ಬಂತೋ, ದೇವರಾಣೆ ಗೊತ್ತಿಲ್ಲ. ಶಾಲೆಯಲ್ಲಿ ಭೂಗೋಳವನ್ನು ಇಷ್ಟು ಚುರುಕಾಗಿ ನೆನಪಿಟ್ಟಿದ್ದರೆ ಒಂಬತ್ತನೆಯ ಕ್ಲಾಸಾದರೂ ಕಾಣುತ್ತಿದ್ದೆ. ಕಟಾಂಜನದ ಬಳಿ ಚಾಚಿದ್ದ ಕೈ ಅಲುಗಲಿಲ್ಲ. ಕೇಳಿಸಿತೆಂದು ಅದರಿಂದಲೇ ತಿಳಿಯಿತು. ಜಿರಾಫೆ ಇದ್ದಬದ್ದದ್ದೆಲ್ಲ ನೆಕ್ಕಿ ಮುಗಿಸಿ ತಲೆ ಎತ್ತಿದ ಮೇಲೂ ಅಂಗೈ ಹಾಗೇ ಇತ್ತು.

ನಳಿನಿ ತಿರುಗಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಸಣ್ಣಗೆ ತಲೆಬಾಗಿಸಿ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ನಿಮ್ಮ ಪರಿಚಯವಾದದ್ದು ಸಂತೋಷ ಎಂದಳು. ಸುಳ್ಳು ನನ್ನದು, ಕಾಪಾಡಿದವಳು ಅವಳು. ಗುರುಮೂರ್ತಿಗಳ ಹೆಂಡತಿ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ತೆಗೆದವನು ನಾನೇ. ಕನ್ನಡ ಬಾರದವಳ ಮುಂದೆ ಕನ್ನಡ ಆಡುವ ನಿರಾಳದಲ್ಲಿ ಆಕೆ ಗಂಡನಿಗೆ ಹೇಳಿದರು, “ಈ ವಯಸ್ಸಲ್ಲಿ ಇದೇನ್ರೀ ವೇಷ. ಪಾಪ, ಹೇಳೋರು ಕೇಳೋರು ತನ್ನೋರು ಅಂತ ಯಾರೂ ಇಲ್ವೇನೋ.” ಕ್ಯಾಮೆರಾದ ಆ ಪುಟ್ಟ ಚೌಕದೊಳಗೆ ನನ್ನ ತಂಗಿ ನಗುತ್ತಲೇ ಇದ್ದಳು.

ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, “ಅಣ್ಣ, ಮಾರಿಷಸ್ಸಲ್ಲಿ ಅನ್ನಕ್ಕೆ ಏನ್ ಕಲಸ್ಕೋತಾರೆ?” ನಾನು ನಗಲು ನೋಡಿದೆ. ಅವಳು ನಗಲಿಲ್ಲ. ಆಮೇಲೆ ಆ ವಿಷಯ ಎತ್ತಲೂ ಇಲ್ಲ. ಆದರೆ ಲಂಗಾಟಾದಲ್ಲಿ ಆಫೀಸಿನವರೊಡನೆ ಹಂಚಿಕೊಳ್ಳಲು ಮನೆ ನೋಡುತ್ತಿದ್ದೇನೆಂದು, ಹವಾಮಾನದ ಸುದ್ದಿ ಹೇಳುವ ಧ್ವನಿಯಲ್ಲಿ ತಿಳಿಸಿದಳು.

ನನ್ನ ಅಡ್ಡಾಟ ಆಗ ಶುರುವಾದದ್ದು. ನಡುಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ಕಾರ್ಖಾನೆಯಲ್ಲಿ ಅಚ್ಚು ಆರುವ ಮೊದಲೇ ತೆಗೆಸಿ, ಸೊಟ್ಟ ಬಕೆಟ್ಟುಗಳ ರಾಶಿಯನ್ನೇ ಸೃಷ್ಟಿಸಿದೆ. ತುಮಕೂರಿನ ದಿನಗಳು ನೆನಪಾಗುತ್ತಿದ್ದವು. ನಮ್ಮ ವರ್ಕ್‌ಶಾಪು ಅವಳ ಕಾಲೇಜಿನ ದಾರಿಯಲ್ಲೇ ಇತ್ತು. ಗ್ರೀಸು ಮೆತ್ತಿದ ಖಾಕಿ ಚಡ್ಡಿಯಲ್ಲಿ ನಾನು ಕಂಬದ ಹಿಂದೆ ಸರಿಯುತ್ತಿದ್ದೆ. ಅವಳು ಗೆಳತಿಯರ ಹಿಂಡನ್ನೇ ನಿಲ್ಲಿಸಿ, “ಅಲ್ನೋಡ್ರೇ, ಅವ್ನೇ ನಮ್ಮಣ್ಣ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಕೈ ಬೀಸುತ್ತಿದ್ದಳು. ಅವಳ ಸೀರೆಯನ್ನು ಪರದೇಶದವಳು ಉಟ್ಟರೆ ಗೌರವ, ಪರದೇಶದವರದನ್ನು ಅವಳು ತೊಟ್ಟರೆ ನಾಚಿಕೆ ಎಂಬ ಲೆಕ್ಕ ನನಗೆ ಯಾವ ಶಾಲೆಯೂ ಕಲಿಸಿದ್ದಲ್ಲ. ತನ್ನ ಬಟ್ಟೆಯ ಮೇಲೆ ನಂಬಿಕೆ ಇಲ್ಲದವನು ಪಕ್ಕದವರ ಬಟ್ಟೆಗೂ ಹೆದರುತ್ತಾನೇನೋ.

ಜನವರಿಯಲ್ಲಿ ಸಂಕ್ರಾಂತಿಗೆ ಗುಂಪಿನವರು ದೇವಸ್ಥಾನದ ಸಭಾಂಗಣದಲ್ಲಿ ಸೇರುವುದಿತ್ತು. “ನೀನೂ ಬಾ” ಎಂದೆ. ನಳಿನಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, “ಯಾವ ದೇಶದವ್ಳಾಗಿ ಬರ್ಲಿ?” ಎಂದಳು.

“ಬಾ, ಸಾಕು” ಎಂದೆ. ಏನನ್ನಿಸಿತೋ, ಎದ್ದು ಹತ್ತಿಯ ಸೀರೆಯುಟ್ಟು ಬಂದಳು.

ಸಭಾಂಗಣದಲ್ಲಿ ಎಳ್ಳುಬೆಲ್ಲದ ತಟ್ಟೆ ಹಿಡಿದು ಎದುರಾದವರು ಗುರುಮೂರ್ತಿಗಳ ಹೆಂಡತಿಯೇ. ಅರೆಕ್ಷಣ ಕಣ್ಣು ಕಿರಿದಾಗಿಸಿ, “ರೀ, ಬನ್ರೀ ಇಲ್ಲಿ! ಆ ಮಾರಿಷಸ್ಸಿನವ್ರು! ಇವತ್ತು ಸೀರೆ ಉಟ್ಟಿದಾರೆ!” ಎಂದು ಗಂಡನನ್ನು ಕೂಗಿದರು. ನಾಲ್ಕಾರು ಜನ ಇತ್ತ ತಿರುಗಿದರು. ನಳಿನಿ ನನ್ನ ಮುಖವನ್ನೊಮ್ಮೆ ನೋಡಿದಳು. ಅಲ್ಲಿ ಏನು ಕಂಡಳೋ. ಆ ಹಾಳು ಸುಳ್ಳನ್ನು ಇನ್ನೊಮ್ಮೆ ಹೊತ್ತುಕೊಳ್ಳುವವಳಂತೆ ಸಣ್ಣಗೆ ತಲೆಬಾಗಿಸಿ, ಇಂಗ್ಲಿಷಿಗಾಗಿ ಬಾಯಿ ತೆರೆದಳು.

“ಮಾರಿಷಸ್ಸೂ ಅಲ್ಲ, ಏನೂ ಅಲ್ಲ ಮೇಡಂ” ಎಂದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. ಆಗಲಿ ಎಂದು ಹಾಗೇ ಬಿಟ್ಟೆ. “ಇವ್ಳು ನಳಿನಿ, ನನ್ನ ಒಡಹುಟ್ಟಿದವ್ಳು. ಅವತ್ತು ನೀವೆಲ್ಲಿ ನಗ್ತೀರೋ ಅಂತ ಹೆದರ್ಕೊಂಡು ಸುಳ್ ಹೇಳ್ದೆ.” ಆಮೇಲೆ ಅವಳ ಕಡೆ ತಿರುಗಿದೆ. “ತಪ್ಪಾಯ್ತು ಕಣೆ ನಳಿನಿ. ಆ ಬಟ್ಟೇಲಿ ನೀನು ಎಷ್ಟ್ ಚೆನ್ನಾಗ್ ಕಾಣ್ತಿದ್ದೆ ಗೊತ್ತಾ? ಅದನ್ನೂ ಹೇಳ್ಲಿಲ್ಲ. ಕ್ಷಮಿಸ್ಬಿಡೇ.”