ನನ್ನ ದನಿಗೆ ಕೆಲಸ ಸಿಕ್ಕಿತು

ಹೈದರಾಬಾದಿನ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಪೈಪುಗಳ ಜೋಡಣೆಯಲ್ಲಿ ಸೋರದಂತೆ ಕೂರಿಸುವ ರಬ್ಬರ್ ರಿಂಗುಗಳನ್ನು ನಾವು ಮಾಡುತ್ತೇವೆ. ಕೊಳ್ಳುವವರು ಹೆಚ್ಚಾಗಿ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗಳವರು. ನನ್ನ ಹುದ್ದೆಗೆ ಏನೋ ಉದ್ದದ ಹೆಸರಿದೆ. ಆದರೆ ನಿಜ ಹೇಳಬೇಕೆಂದರೆ ನನಗೆ ಸಂಬಳ ಬರುತ್ತಿದ್ದುದು ಬೈಯುವುದಕ್ಕೆ.

“ಈಗಿಂದೀಗಲೇ ಬೇಕು ಅಂದರೆ ಎಲ್ಲಿಂದ ತರಲಿ? ಪೈಪು ಸೋರುವ ತನಕ ಬಿರಿಯಾನಿ ತಿನ್ನುತ್ತ ಕೂತಿದ್ದಿರಾ?” ಎಂದು ಶುರು ಮಾಡಿದರೆ ಆ ಕಡೆಯವರು ತೆಪ್ಪಗಾಗಿ, ಸರಿಯಾದ ಅಳತೆ ಹೇಳಿ, ಒಂದು ವಾರ ಕಾಯಲು ಒಪ್ಪಿಕೊಳ್ಳುತ್ತಿದ್ದರು. ಹಿಂದಿಯವರಿಗೆ ಹಿಂದಿಯಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಕನ್ನಡದ ಬೈಗುಳ ಮಾತ್ರ ಮನೆಗೆ ಮೀಸಲು. ಅಲ್ಲಿ ಗಂಡ ಇದ್ದಾರೆ.

ಮಾಲೀಕರಿಗೆ ಮಂಡಿನೋವು ಹೆಚ್ಚಾದ ಮೇಲೆ ಅವರ ಮಗಳು ಕಾರ್ಖಾನೆ ನೋಡಿಕೊಳ್ಳಲು ಬಂದಳು. ಒಳ್ಳೆಯ ಹುಡುಗಿ. ದೊಡ್ಡ ಓದು ಓದಿದ್ದಳು, ಹೊಸದೇನು ಕಂಡರೂ ಕೈ ತುರಿಸುತ್ತಿತ್ತು. ಒಂದು ದಿನ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡಳು.

“ಅಕ್ಕಾ, ಇನ್ನು ಫೋನಿಗೆ ಕಂಪ್ಯೂಟರೇ ಉತ್ತರ ಕೊಡುತ್ತದೆ. ಆದರೆ ನಿಮ್ಮ ದನಿಯಲ್ಲಿ. ಪಟಾನ್‌ಚೆರು ಪೂರ್ತಿ ಗುರುತಿಸುವ ದನಿ ನಿಮ್ಮದು.”

ಪಕ್ಕದ ಗಲ್ಲಿಯ ಕಾರ್ಖಾನೆಯಲ್ಲಿ ಇಂಥದ್ದೇ ಯಂತ್ರ ಬಂದು, ಫೋನ್ ಎತ್ತುತ್ತಿದ್ದ ಹುಡುಗಿ ಮನೆಗೆ ಹೋಗಿದ್ದಳು. “ಆಗಲಿ,” ಎಂದೆ. ಇಲ್ಲ ಎನ್ನುವುದೇ ಕಸುಬಾಗಿದ್ದವಳಿಗೆ ಅವತ್ತು ಅದೊಂದು ಮಾತು ಬಾಯಿಗೆ ಬರಲಿಲ್ಲ.

ಹೊರಗಿನ ಸದ್ದು ಬರದಂತೆ ಸ್ಟೋರ್ ರೂಮಿನ ಗೋಡೆಗಳಿಗೆ ದಪ್ಪ ಹತ್ತಿ ಹೊದಿಕೆಯ ರಜಾಯಿ ಕಟ್ಟಿ, ನನ್ನನ್ನು ಮೈಕಿನ ಮುಂದೆ ಕೂರಿಸಿದರು. ಓದಬೇಕಾದ ಮಾತುಗಳೆಲ್ಲ ನಾನು ಜನ್ಮದಲ್ಲಿ ಆಡದಂಥವು. ‘ಖಂಡಿತ ಸರ್.’ ‘ನಿಮ್ಮ ತಾಳ್ಮೆಗೆ ಧನ್ಯವಾದ ಸರ್.’

“ಸ್ವಲ್ಪ ನಗುತ್ತಾ ಹೇಳಿ ಅಕ್ಕಾ.”

“ನಗುವಂಥದ್ದು ಇದರಲ್ಲಿ ಏನಿದೆ?”

ಯಂತ್ರ ಶುರುವಾಯಿತು. ನಾನು ಮೇಜಿನ ಮುಂದೆ ಕೈ ಕಟ್ಟಿಕೊಂಡು ಕೂತೆ. ಅಷ್ಟರಲ್ಲಿ ಪರ್ಸಿನಲ್ಲಿದ್ದ ನನ್ನ ಸ್ವಂತ ಫೋನು ಹೊಡೆದುಕೊಳ್ಳತೊಡಗಿತು. ಪಟಾನ್‌ಚೆರುವಿನ ಒಂದು ಕಾರ್ಖಾನೆಯಲ್ಲಿ ರಿಪೇರಿ ಕೆಲಸ ನೋಡಿಕೊಳ್ಳುವ ಹಿರಿಯರೊಬ್ಬರು. ನನ್ನಿಂದ ಅತಿ ಹೆಚ್ಚು ಬೈಸಿಕೊಂಡವರು, ಆದರೆ ಒಂದು ದಿನವೂ ಮುಖ ನೋಡಿದವರಲ್ಲ.

“ಮೇಡಂ, ಆರೋಗ್ಯ ಸರಿ ಇದೆಯಾ? ಏನು ಕೇಳಿದರೂ ಖಂಡಿತ ಸರ್ ಅಂತೀರಿ. ಮನೆಯಲ್ಲಿ ಏನಾದರೂ ಆಯಿತಾ?”

ನನಗೆ ನಾಚಿಕೆಯಾಗಬೇಕಿತ್ತು, ಹೆಮ್ಮೆಯಾಯಿತು. ಆಫೀಸಿನಲ್ಲಿ ಹೊಸ ಏರ್ಪಾಡು ನಡೆಯುತ್ತಿದೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಒಂದು ಸಂಜೆ ಮನೆಗೆ ಬಂದರೆ ನಮ್ಮ ಮನೆಯವರು ಬಾಲ್ಕನಿಯಲ್ಲಿ ಫೋನ್ ಹಿಡಿದುಕೊಂಡು, ಮೆಲ್ಲಗೆ ಹಿಂದಿಯಲ್ಲಿ ಮಾತಾಡುತ್ತ ಮುಸಿಮುಸಿ ನಗುತ್ತಿದ್ದರು. ರಕ್ಷಣಾ ಕಾರ್ಖಾನೆಯ ನೌಕರ, ಬೀದರ್ ಕಡೆಯವರು, ಫೋನಿನಲ್ಲಿ ಹಾಗೆ ನಗುವ ಆಸಾಮಿಯಲ್ಲ. ಬೆನ್ನ ಹಿಂದೆ ನಿಂತು ಕಿವಿಗೊಟ್ಟೆ. ಆ ಕಡೆ ಒಬ್ಬ ಹೆಂಗಸು ಜೇನು ಸುರಿಸುತ್ತಿದ್ದಳು. ಆ ಹೆಂಗಸು ನಾನು.

“ಏನ್ರೀ ಇದು?”

ಅವರು ಬೆಚ್ಚಿಬಿದ್ದರು. “ಏನಿಲ್ಲ, ನಿಮ್ಮ ಆಫೀಸಿಗೆ ಫೋನ್ ಹಚ್ಚಿ ಸುಮ್ನ ಕೇಳ್ಲಕತ್ತಿದ್ದೆ. ಲಗ್ನ ಆದಾಗಿಂದ ನೀ ಹಿಂಗ ಮಾತಾಡಿದ್ದು ಕೇಳೇ ಇರಲಿಲ್ಲ ನೋಡು. ಭಾಳ ಛಲೋ ಅನಸ್ತದ.”

“ಹಂಗಾದ್ರ ರೊಟ್ಟಿನೂ ಅಕಿನ್ನೇ ಕೇಳ್ರಿ.”

“ಕೇಳೀನಿ! ಜೋಳದ ರೊಟ್ಟಿ ಅದಾವೇನ್ರಿ ಅಂದೆ. ಖಂಡಿತ ಸರ್, ನಾಳೆ ಕಳಿಸ್ತೀವಿ ಅಂದ್ಲು.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗುತ್ತಿದ್ದ ಹಾಗೇ ನನಗೆ ಹೊಳೆಯಿತು. ರಬ್ಬರ್ ಕಾರ್ಖಾನೆಯವಳು ರೊಟ್ಟಿಗೇ ಹೂಂ ಅಂದಿದ್ದರೆ, ಪಟಾನ್‌ಚೆರುವಿಗೆ ಏನೇನಕ್ಕೆ ಹೂಂ ಅಂದಿರಬಹುದು?

ಬೆಳಿಗ್ಗೆ ಆಫೀಸಿಗೆ ಓಡಿ, ಮಾಲೀಕರ ಮಗಳಿಗೆ ಹೇಳಿದೆ. ಅವಳು ಕಂಪ್ಯೂಟರಿನಲ್ಲಿ ಹಿಂದಿನ ಮಾತುಕತೆ ತೆಗೆದು ನೋಡಿದಳು, ಮುಖ ಬಿಳಿಚಿಕೊಂಡಿತು. ನಾವು ಎಂದೂ ಮಾಡದ ಅಳತೆಗಳಿಗೆಲ್ಲ ‘ಖಂಡಿತ ಸರ್’. ಇದ್ದ ಆರ್ಡರು ಮಾತ್ರ ಅದಕ್ಕೆ ಸಿಕ್ಕಿರಲಿಲ್ಲ. ಹೈದರಾಬಾದಿನ ಹಿಂದಿಯಲ್ಲಿ ‘ಪರ್ಸೋಂ’ ಅಂದರೆ ಮೊನ್ನೆಯೂ ಆಗಬಹುದು, ಹೋದ ರಂಜಾನಿನ ತಿಂಗಳೂ ಆಗಬಹುದು. ಪರ್ಸೋಂ ಹೇಳಿದ ಮಾಲು ಎಲ್ಲಿ ಎಂದು ಜನ ಕೇಳಿದರೆ, ಯಂತ್ರ ಮೊನ್ನೆಯ ತಾರೀಖು ನೋಡಿ, ಅಂಥದ್ದೇನೂ ಇಲ್ಲ ಸರ್ ಎಂದು ನಗುನಗುತ್ತ ಹೇಳಿತ್ತು.

ಎಲ್ಲರಿಗೂ ಫೋನ್ ಮಾಡಿ ತಪ್ಪೊಪ್ಪಿಕೊಳ್ಳೋಣ ಎನ್ನುವಷ್ಟರಲ್ಲಿ ಗೇಟಿನಲ್ಲಿ ಒಂದು ಜೀಪು ನಿಂತಿತು. ದಪ್ಪ ಮೀಸೆಯ ಹಿರಿಯರೊಬ್ಬರು ಇಳಿದು, ನೆಟ್ಟಗೆ ಒಳಗೆ ಬಂದು, ಇವತ್ತು ಕೊಡುತ್ತೇವೆಂದ ಮಾಲು ಎಲ್ಲಿ ಎಂದು ಆ ಹುಡುಗಿಯ ಮೇಲೆ ತೆಲುಗಿನಲ್ಲಿ ಕೂಗಾಡತೊಡಗಿದರು. ಅವಳ ಕಣ್ಣು ತುಂಬಿತು. ಫೋನಿನಲ್ಲಿ ನನ್ನ ಆರೋಗ್ಯ ವಿಚಾರಿಸಿದ್ದ ದನಿ ಇದೇ ಎಂದು ನನಗೆ ತಕ್ಷಣ ಗೊತ್ತಾಯಿತು.

“ಏನು, ಪೈಪು ಸೋರುವ ತನಕ ನಿದ್ದೆ ಹೊಡೆಯುತ್ತಿದ್ದಿರಾ?” ಎಂದೆ.

ಅವರು ಗಕ್ಕನೆ ನಿಂತು ತಿರುಗಿದರು. ಮೇಲಿಂದ ಕೆಳಗೆ ನೋಡಿದರು. “ಓ, ನೀವೇನಾ! ಇಷ್ಟು ಗಿಡ್ಡ ಅಂದುಕೊಂಡಿರಲಿಲ್ಲ,” ಎಂದು ಕುರ್ಚಿಯಲ್ಲಿ ಕೂತೇಬಿಟ್ಟರು.

ಚಹಾ ತರಿಸಿ ನಡೆದದ್ದೆಲ್ಲ ಹೇಳಿದೆ. ಅದು ನಾನಲ್ಲ ಎಂದು ಅವರಿಗೆ ಮೊದಲೇ ಅನುಮಾನವಿತ್ತಂತೆ.

“ಮತ್ತೆ ಜೀಪು ತಗೊಂಡು ಯಾಕೆ ಬಂದಿರಿ?”

ಅವರು ಕಪ್ಪಿನೊಳಗೆ ನೋಡಿದರು. “ಇಷ್ಟು ವರ್ಷದಲ್ಲಿ ಮೊದಲ ಸಲ ನಿಮ್ಮ ದನಿ ‘ಖಂಡಿತ’ ಅಂದಿತಲ್ಲ, ನಂಬೋಣ ಅನ್ನಿಸಿತು.”

ಗೋದಾಮಿನಲ್ಲಿದ್ದ, ಹತ್ತಿರದ ಅಳತೆಯ ರಿಂಗುಗಳನ್ನು ಕೊಟ್ಟು ಆ ದಿನದ ಮಟ್ಟಿಗೆ ಕಳಿಸಿದೆವು.

ಯಂತ್ರ ಕಿತ್ತೆಸೆಯುತ್ತಾಳೆ ಅಂದುಕೊಂಡಿದ್ದೆ. ಹುಡುಗಿ ಕಣ್ಣೊರೆಸಿಕೊಂಡು, “ಅಕ್ಕಾ, ಮತ್ತೆ ರಜಾಯಿ ರೂಮಿಗೆ ಬನ್ನಿ. ಈ ಸಲ ‘ಇಲ್ಲ’ ಹೇಳೋದಕ್ಕೆ,” ಎಂದಳು.

ಈಗ ನನ್ನ ಸರದಿ. “ನಾನು ಜ್ವರ ಬಂದು ಮಲಗಿದರೂ ನನ್ನ ದನಿ ದುಡಿಯುತ್ತದೆ, ಭಾನುವಾರವೂ ದುಡಿಯುತ್ತದೆ. ಅದಕ್ಕೆ ಬೇರೆ ಸಂಬಳ ಬೇಕು. ಮತ್ತೆ ನಾನು ಕೆಲಸ ಬಿಟ್ಟರೆ ಅದೂ ಬಿಡಬೇಕು.”

“ದನಿ ಹೇಗೆ ಬಿಡುತ್ತೆ ಅಕ್ಕಾ?”

“ನೀನು ಅಳಿಸಿಹಾಕಿದರೆ ಬಿಡುತ್ತೆ.”

ಸುಲ್ತಾನ್ ಬಜಾರಿನಲ್ಲಿ ಸೀರೆಗೆ ಚೌಕಾಸಿ ಮಾಡಿದಂತೆ ಇಬ್ಬರೂ ಎಳೆದಾಡಿದೆವು. ಕೊನೆಗೆ ಒಪ್ಪಿ, ಬರೆದೂ ಕೊಟ್ಟಳು. ಆಮೇಲೆ ಮೈಕಿನ ಮುಂದೆ ಕೂತು ಇಲ್ಲ, ಆಗಲ್ಲ, ಮೊದಲೇ ಬಾಯಿ ಬಿಡೋದಕ್ಕೆ ಏನಾಗಿತ್ತು ಎಂದು ಒಂದೇ ಉಸಿರಿಗೆ ಹೇಳಿ ಎದ್ದೆ. ನಗಬೇಕೆಂದು ಯಾರೂ ಹೇಳಲಿಲ್ಲ.

ಈಗ ಯಂತ್ರವೂ ಬೈಯುತ್ತದೆ. ಅದಕ್ಕೆ ಬಗೆಹರಿಯದ್ದಷ್ಟೇ ನನ್ನ ಹತ್ತಿರ ಬರುತ್ತದೆ. ಉಳಿದ ಹೊತ್ತಿನಲ್ಲಿ ಬಸ್ಸು ಹಿಡಿದು ಪಟಾನ್‌ಚೆರುವಿಗೆ ಹೋಗಿ, ಬೈಸಿಕೊಂಡವರನ್ನೆಲ್ಲ ಕಂಡುಬರುವುದು ನನ್ನ ಹೊಸ ಕೆಲಸ. ಎದುರಿಗೆ ಕೂತವರ ಬೆವರು, ರಾಸಾಯನಿಕದಿಂದ ಹಳದಿಯಾದ ಬೆರಳು ಕಂಡರೆ ನನ್ನ ಬಾಯಿ ತಾನಾಗಿಯೇ ಮೆತ್ತಗಾಗುತ್ತದೆ. ಇದು ನನಗೂ ಗೊತ್ತಿರಲಿಲ್ಲ.

ಮೊನ್ನೆ ಹೊಸ ಎಂಜಿನಿಯರೊಬ್ಬ ಚಹಾ ಕೊಟ್ಟು, ಅತ್ತಿತ್ತ ನೋಡಿ, ದನಿ ತಗ್ಗಿಸಿದ. “ಮೇಡಂ, ನೀವು ಒಳ್ಳೆಯವರ ಹಾಗೆ ಕಾಣುತ್ತೀರಿ. ನಿಮ್ಮ ಆಫೀಸಿನಲ್ಲಿ ಫೋನ್ ಎತ್ತುವ ಆ ಹೆಂಗಸಿಗೆ ಸ್ವಲ್ಪ ಬುದ್ಧಿ ಹೇಳಿ.”

“ಹೇಳಿ ನೋಡುತ್ತೇನೆ,” ಎಂದೆ. “ಆದರೆ ಅವಳು ಯಾರ ಮಾತೂ ಕೇಳುವವಳಲ್ಲ.”