ಒಂದಕ್ಕೋ, ಎರಡಕ್ಕೋ

ಉಚ್ಚೆ ಕಟ್ಟಿ ಸಾಯುತ್ತಿದ್ದ ಬೆಕ್ಕಿಗೆ ನಾನು ಔಡಲೆಣ್ಣೆ ಕುಡಿಸಿದೆ.

ಒಂದು ಸಲ ಅಲ್ಲ. ಕೈಯೆಲ್ಲ ಪರಚಿಸಿಕೊಂಡು, ಅಂಗಿ ಹರಿಸಿಕೊಂಡು, ಕೋಟೆ ಗೆದ್ದವನಂತೆ ಎರಡೆರಡು ಸಲ ಕುಡಿಸಿದೆ.

ಬೆಕ್ಕಿನ ಹೆಸರು ಸಾವ್ಕಾರ. ಕೊಟ್ಟೂರಿನ ನಮ್ಮ ಮನೆಯಲ್ಲಿ ಅದು ಅಜ್ಜನ ಜೀವ. ಅವನ ಕಂಬಳಿಯ ಮೇಲೆ ಮಲಗುತ್ತದೆ, ಅವನ ತಟ್ಟೆಗೇ ಬಾಯಿ ಹಾಕುತ್ತದೆ. ನನ್ನನ್ನು ಮಾತ್ರ ಬಾಗಿಲಲ್ಲಿ ನಿಂತ ಆಳನ್ನು ನೋಡಿದಂತೆ ನೋಡುತ್ತದೆ. ಆ ದಿನ ಬೆಳಿಗ್ಗೆ ಹಿತ್ತಲಿನ ಉಸುಕಿನ ಗುಡ್ಡೆಯ ಮೇಲೆ ಕೂತು ತಿಣುಕುತ್ತಿತ್ತು. ಎದ್ದು ಹೋಗುವುದು, ಮತ್ತೆ ಬಂದು ಕೂರುವುದು.

"ಲೇ, ಸಾವ್ಕಾರಗ ಹೊರಕಡಿ ಆಗವಲ್ದು ನೋಡೋ," ಎಂದಳು ಅವ್ವ.

ಅಷ್ಟೇ ಸಾಕಾಯಿತು. ನಾನು ಮೊಬೈಲ್ ಅಂಗಡಿ ಇಟ್ಟವನು. ಸ್ಕ್ರೀನ್ ಗಾರ್ಡ್ ಅಂಟಿಸುವುದು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಆದರೆ ದಿನವಿಡೀ ಫೋನುಗಳ ನಡುವೆ ಕೂತು ಕೂತು, ಅದರೊಳಗಿರುವುದೆಲ್ಲ ನನ್ನ ತಲೆಯಲ್ಲೂ ಇದೆ ಎಂಬ ಭ್ರಮೆ ಬಂದುಬಿಟ್ಟಿದೆ. ಬೆಕ್ಕಿನ ಮಲಬದ್ಧತೆಗೆ ಮನೆಮದ್ದು ಎಂದು ಹುಡುಕಿದೆ. ಸಾಲುಸಾಲಾಗಿ ವಿಡಿಯೋ ಬಂದವು. ಬೇಯಿಸಿದ ಕುಂಬಳಕಾಯಿ ತಿನ್ನಿಸಿ. ನೀರು ಜಾಸ್ತಿ ಕುಡಿಸಿ. ಎಣ್ಣೆ ಕೊಡಿ. ಯಾವ ಎಣ್ಣೆ ಎಂಬುದು ವಿಡಿಯೋದವರ ಇಂಗ್ಲಿಷಿನಲ್ಲಿ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ಅವ್ವ ನನ್ನ ಮೂಗು ಹಿಡಿದು ಭೇದಿಗೆ ಕುಡಿಸುತ್ತಿದ್ದ ಔಡಲೆಣ್ಣೆ, ಅದೇ ಹರಳೆಣ್ಣೆ, ನೆನಪಾಯಿತು.

"ದನದ ದವಾಖಾನಿಗೆ ಒಯ್ಯೋ ಅದನ್ನ," ಎಂದ ಅಜ್ಜ.

"ನೀ ಸುಮ್ನ ಕುಂದ್ರಜ್ಜ. ಲೋಕದ ಡಾಕ್ಟರೆಲ್ಲ ನನ್ನ ಕಿಸೆದಾಗ ಅದಾರ."

ಅಜ್ಜ ಏನೋ ಹೇಳಲು ಬಾಯಿ ತೆರೆದ. ಸುಮ್ಮನಾದ.

ಕುಂಬಳಕಾಯಿ ಮೂಸಿ ಸಾವ್ಕಾರ ಮುಖ ತಿರುಗಿಸಿತು. ಸಿರಿಂಜಿನಲ್ಲಿ ನೀರು ಹಾಕಿದೆ, ಎಣ್ಣೆ ಹಾಕಿದೆ. ಓಣಿಯವರು ಕೇಳಿದರೆ "ಟ್ರೀಟ್‌ಮೆಂಟ್ ನಡದೈತ್ರಿ" ಎಂದೆ. ಸಂಜೆ ಬೆಕ್ಕಿಗೆ ಭೇದಿಯಾಯಿತು. ನಾನು ಕುಣಿದೆ. ನಿಜವಾಗಿಯೂ ಕುಣಿದೆ.

ಸಾವ್ಕಾರ ಮತ್ತೆ ಹೋಗಿ ಉಸುಕಿನ ಮೇಲೆ ಕೂತಿತು. ಇನ್ನೂ ಪೂರ್ತಿ ಆಗಿಲ್ಲವೆಂದು ಎರಡನೇ ಸಲ ಎಣ್ಣೆ ಕುಡಿಸಿದೆ.

ಮರುದಿನ ವಾಂತಿ. ಏಳಲೇ ಇಲ್ಲ. ಎತ್ತಿಕೊಳ್ಳಲು ಹೊಟ್ಟೆಯ ಕೆಳಗೆ ಕೈ ಹಾಕಿದಾಗ, ಬೆಕ್ಕೊಂದು ಹೀಗೆ ಕೂಗಬಲ್ಲದು ಎಂದು ಮೊದಲ ಸಲ ಗೊತ್ತಾಯಿತು. ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡಿದೆ. ಎಮ್ಮೆ, ಮೇಕೆಗಳ ನಡುವೆ ಡಬ್ಬಿ ಹಿಡಿದು ನಿಂತೆ.

"ಮೇಡಂ, ಬೆಕ್ಕಿಗೆ ಹೊರಕಡಿ ಆಗವಲ್ದ್ರಿ."

"ಒಂದಕ್ಕೋ, ಎರಡಕ್ಕೋ?" ಎಂದರು ಡಾಕ್ಟರ್.

ನನಗೆ ಗೊತ್ತಿರಲಿಲ್ಲ.

ಒಂದನೇ ಕ್ಲಾಸಿನ ಮಕ್ಕಳು ಬೆರಳೆತ್ತಿ ತೋರಿಸುವ ವಿಷಯ. ಅಷ್ಟೆಲ್ಲ ವಿಡಿಯೋ ನೋಡಿದವನಿಗೆ, ಎದ್ದು ಹಿತ್ತಲಿಗೆ ಹೋಗಿ ಉಸುಕು ಒದ್ದೆಯಾಗಿದೆಯಾ ಎಂದು ಒಮ್ಮೆ ನೋಡಬೇಕೆಂದು ಹೊಳೆದಿರಲಿಲ್ಲ.

ಅವರು ಎರಡು ಬೆರಳಿನಿಂದ ಹೊಟ್ಟೆ ಒತ್ತಿದರು. "ಎರಡಕ್ಕ ಅಲ್ಲ ಇದು. ಬ್ಲಾಡರ್ ಕಲ್ಲಿನಂಗ ಆಗೈತಿ. ಗಂಡು ಬೆಕ್ಕಿಗೆ ಉಚ್ಚಿ ದಾರಿ ಸಣ್ಣದ್ರಿ, ಕಟ್ಟಿಬಿಡತೈತಿ. ಮನ್ಯಾಗ ಏನರ ಕೊಟ್ಟೀರೇನು?"

"ಔಡಲೆಣ್ಣಿ ಮೇಡಂ. ಕುಂಬಳಕಾಯಿ... ನೀರು."

"ನೀರು?"

"ಜಾಸ್ತಿನ ಕುಡಿಸೀನ್ರಿ."

ಮೇಕೆ ಹಿಡಿದು ನಿಂತಿದ್ದ ಹೆಂಗಸು ಫಕ್ಕನೆ ನಕ್ಕಳು. ಊರನ್ನೇ ನಗಿಸುತ್ತೇನೆಂದು ಬೀಗುವವನು ನಾನು. ಆ ನಗು ಮಾತ್ರ ಬೇಡವಾಗಿತ್ತು.

ಬಾಯಿ ಕಟ್ಟಿದ ಕೊಡಕ್ಕೆ ನಾನು ನೀರು ತುಂಬಿದ್ದೆ.

"ಫೋನಿನಾಗ ಹಂಗ ಹೇಳಿದ್ರು ಮೇಡಂ..."

"ನೀವು ಮಲಬದ್ಧತೆ ಅಂತ ಕೇಳಿದ್ರಿ, ಅದು ಮಲಬದ್ಧತೆಗೆ ಹೇಳ್ತು. ಹೊಟ್ಟಿ ಮುಟ್ಟಿ ನೋಡಾಕ ಅದಕ್ಕ ಕೈ ಐತೇನು?"

ಮಂಪರಿನ ಇಂಜೆಕ್ಷನ್ ಕೊಟ್ಟು, ಉಚ್ಚೆ ಇಳಿಸಲು ದಾರದಂಥ ನಳಿಕೆ, ಕ್ಯಾತಿಟರ್, ಹಾಕಿದರು. ಟ್ರೇಗೆ ಬಂದದ್ದು ಕೆಂಪಗಿತ್ತು. ಕಿಡ್ನಿಗೆ ಎಷ್ಟು ಏಟು ಬಿದ್ದಿದೆಯೋ ಈಗಲೇ ಹೇಳಲಾಗದು, ಡ್ರಿಪ್‌ಗೆ ದಿನವೂ ಕರೆದುಕೊಂಡು ಬನ್ನಿ ಎಂದರು.

ದಿನವೂ ಹೋದೆ, ಅಂಗಡಿಯ ಶಟರ್ ಎಳೆದು. ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಏನಾದರೂ ತಮಾಷೆ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಅಜ್ಜ ಬೆಕ್ಕಿನ ಪಕ್ಕ ಕೂತು ಅದರ ಕಿವಿಯ ಹಿಂದೆ ಕೆರೆಯುತ್ತಿದ್ದ. ನಾನು ಅವನ ಕಣ್ಣಿಗೆ ಬೀಳದಂತೆ ಹಿತ್ತಲಿನಿಂದ ಓಡಾಡಿದೆ.

ಕ್ಯಾತಿಟರ್ ತೆಗೆದ ಮೇಲೆ ಒಂದು ಬೆಳಿಗ್ಗೆ ಸಾವ್ಕಾರ ನನ್ನ ಹೊಸ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದಿತು. ಧಾರಾಳವಾಗಿ. ಒದ್ದೆ ಪ್ಯಾಂಟ್ ಹಿಡಿದುಕೊಂಡು ಪಡಸಾಲೆಗೆ ಓಡಿದೆ.

"ಅಜ್ಜ, ಹೊಯ್ತು! ಒಂದಕ್ಕ ಹೋತು!"

ಮತ್ತೆ ಕಟ್ಟಬಹುದು, ಕಣ್ಣಿಟ್ಟಿರಿ ಎಂದಿದ್ದಾರೆ ಡಾಕ್ಟರ್. ಆದರೂ ಆ ಪ್ಯಾಂಟನ್ನು ಒಗೆಯಲು ಮನಸ್ಸು ಬರಲಿಲ್ಲ.

ಅಜ್ಜ ನಗಲಿಲ್ಲ. ಅವ್ವ ಒಳಗೆ ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದ:

"ಅದು ಹಂಗ ಕುಂತಾಗ್ಲೇ ಉಚ್ಚಿ ಕಟ್ಟೈತಿ ಅಂತ ನನಗ ತಿಳಿದಿತ್ತಪ್ಪ. ಹೇಳಬೇಕಿತ್ತು. ಹೇಳಿದ್ರ, ನಿನಗ್ಹೆಂಗ ಗೊತ್ತಾತಜ್ಜ ಅಂತಿದ್ದಿ. ಆಮ್ಯಾಲ ಓಣಿಗೆಲ್ಲ ಹೇಳಿ ನಗಸ್ತಿದ್ದಿ. ನನಗೂ ಭಾಳ ದಿನದಿಂದ ಹನಿ ಹನಿನ ಬರಾಕತ್ತೈತಿ. ನನ್ನೂ ಒಂದ್ಸಲ ಡಾಕ್ಟರ ಹತ್ರ ಕರಕೊಂಡು ಹೋಗ್ತೀಯೇನು?"