ಬೆಳೆಯುವುದು ಕಾಯಿಲೆಯಲ್ಲ ಎಂದ ಉಪ್ಪಕ್ಕ

ಬೆಳಗಿನ ಐದೂವರೆ. ಬೀದಿಯ ಅಂಗಡಿಗಳೆಲ್ಲ ಷಟರ್ ಎಳೆದುಕೊಂಡು ಮಲಗಿವೆ. ಅಲಂಕಾರದ ಮೀನು ಮಾರುವ ಅಂಗಡಿಯ ಹಿಂಬಾಗಿಲು ಮಾತ್ರ ಅರೆ ತೆರೆದಿದೆ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಮೊಣಕೈಯವರೆಗೆ ತೋಳು ಮಡಚಿ, ನೀಲಿ ಪೀಪಾಯಿಯ ನೀರಿಗೆ ಉಪ್ಪು ಸುರಿದು ಉದ್ದನೆಯ ಪೈಪಿನಿಂದ ತಿರುವುತ್ತಿದ್ದಾರೆ. ಒಂದು ಹನಿ ಬೆರಳಿಗೆ ತಗುಲಿಸಿಕೊಂಡು ನಾಲಿಗೆಯ ಮೇಲಿಡುತ್ತಾರೆ. ‘ಇನ್ನೊಂದು ಹಿಡಿ ಬೇಕು ನಿನಗೆ’ ಎಂದು ಪೀಪಾಯಿಗೇ ಹೇಳುತ್ತಾರೆ. ಆಮೇಲೆ ಉಪ್ಪಿನಂಶ ಅಳೆಯುವ ಗಾಜನ್ನು ಕಣ್ಣಿಗೆ ಹಿಡಿದು ನೋಡಿದರೆ, ಅದೂ ಇನ್ನೊಂದು ಹಿಡಿ ಬೇಕೆಂದೇ ತೋರಿಸುತ್ತದೆ.

ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಉಪ್ಪಕ್ಕ ಎಂದೇ. ಕಡಲ ಮೀನು ಕಡಲಿನಷ್ಟೇ ಉಪ್ಪಿರುವ ನೀರಿನಲ್ಲಿ ಬದುಕಬೇಕು. ಆ ನೀರನ್ನು ಹತ್ತೊಂಬತ್ತು ವರ್ಷಗಳಿಂದ ಕಲಸುತ್ತಿರುವ ಕೈ ಅವರದು. ನಲವತ್ತೆರಡು ಗಾಜಿನ ತೊಟ್ಟಿಗಳಿವೆ, ದಿನಕ್ಕೆ ಮೂವತ್ತು ಬಕೆಟ್ ನೀರು ಹೊರಬೇಕು. ಬೆರಳ ಸಂದುಗಳು ಉಪ್ಪಿಗೆ ಒಡೆದು ಬೇಸಿಗೆಯ ಕೆರೆಯಂಗಳದಂತಾಗಿವೆ. ಎಡಗೈಯ ಹೆಬ್ಬೆರಳು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಎಂದೋ ಒಮ್ಮೆ ವಿಷದ ಮುಳ್ಳಿನ ಮೀನೊಂದು ಚುಚ್ಚಿದ ಗುರುತು ಅದು.

ಅಂಗಡಿಯ ಮುಂಭಾಗದ ಗೋಡೆಗೆ ಹೊಳೆಯುವ ಚೌಕಟ್ಟೊಂದು ತೂಗುಬಿದ್ದಿದೆ. ವರ್ಷದ ಅತ್ಯುತ್ತಮ ಮತ್ಸ್ಯ ತಜ್ಞ ಎಂಬ ಪ್ರಶಸ್ತಿ ಪತ್ರ, ಪಕ್ಕದಲ್ಲಿ ಶಾಲು ಹೊದ್ದ ಅಂಗಡಿ ಯಜಮಾನರ ಫೋಟೋ. ಆ ಚೌಕಟ್ಟಿನ ಗಾಜು ಒರೆಸುವುದೂ ಉಪ್ಪಕ್ಕನ ಕೆಲಸವೇ! ಬಿತ್ತಿದವರೊಬ್ಬರು, ಬುಟ್ಟಿ ತುಂಬಿಕೊಂಡವರೊಬ್ಬರು. ಇದನ್ನು ಕಂಡೂ ಕಾಣದಂತೆ ಎಷ್ಟು ಗಿರಾಕಿಗಳು ಬಂದು ಹೋಗಿದ್ದಾರೋ ದೇವರಿಗೇ ಗೊತ್ತು.

ಉಪ್ಪಕ್ಕ ಮೊದಲು ಇಲ್ಲಿಗೆ ಬಂದದ್ದು ನೆಲ ಒರೆಸಲು. ಆಗ ದೊಡ್ಡ ಕಡಲ ಮೀನುಗಳು ಬಂದ ವಾರದಲ್ಲೇ ಸಾಯುತ್ತಿದ್ದವು. ಸತ್ತದ್ದನ್ನು ಎತ್ತಿ ಹಾಕುವುದೂ ನೆಲ ಒರೆಸುವವರ ಪಾಲಿಗೇ ಬರುತ್ತಿತ್ತು. ‘ದಿನಾ ಹೆಣ ಹೊತ್ತೂ ಹೊತ್ತೂ ಸಾಕಾಯ್ತು. ಯಾಕೆ ಸಾಯ್ತವೆ ಅಂತ ನೋಡೋಣ ಅಂತ ಕೂತೆ. ನೋಡಿದ್ರೆ, ಉಪವಾಸ! ಯಾರೂ ಅವು ತಿಂತಿವೆಯಾ ಅಂತಾನೇ ನೋಡ್ತಿರ್ಲಿಲ್ಲ. ಹಾಕ್ತಿದ್ರು, ಹೋಗ್ತಿದ್ರು’ ಎನ್ನುತ್ತಾರೆ.

ಹಾಗೆ ಕೂತು ನೋಡಿ ನೋಡಿಯೇ ಅವರು ಕಲಿತದ್ದು. ಅವರಿಗೆ ಬಲು ಪ್ರೀತಿ ಏಂಜಲ್ ಮೀನುಗಳ ಮೇಲೆ. ತಟ್ಟೆಯಂತೆ ಚಪ್ಪಟೆಯಾದ, ತಟ್ಟೆಯಷ್ಟೇ ದೊಡ್ಡದಾಗಿ ಬೆಳೆಯುವ, ಇಪ್ಪತ್ತು ವರ್ಷ ಬಾಳಬಲ್ಲ ಜೀವಗಳು ಅವು. ಅವುಗಳಲ್ಲಿ ಎಂಪರರ್ ಎಂಬುದೊಂದಿದೆ. ಮರಿಯಾಗಿದ್ದಾಗ ಕಡುನೀಲಿ ಮೈಮೇಲೆ ಬಿಳಿ ಉಂಗುರಗಳು, ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳಂತೆ. ಪ್ರಾಯಕ್ಕೆ ಬರುತ್ತಿದ್ದಂತೆ ಉಂಗುರಗಳು ಅಳಿದು, ನೀಲಿಯ ಮೇಲೆ ಹಳದಿ ಗೆರೆಗಳು ಮೂಡುತ್ತವೆ. ಬಣ್ಣ ಬಳಿಯಲು ಕೂತ ಭಗವಂತ ಒಮ್ಮೆ ಬಳಿದು, ತೃಪ್ತಿಯಾಗದೆ ಅಳಿಸಿ, ಮತ್ತೊಮ್ಮೆ ಬಳಿದನೇನೋ ಎನ್ನಿಸಬೇಕು.

ಈ ಮೀನನ್ನು ಆರಿಸಿಕೊಳ್ಳುವುದು ಹೇಗೆ ಎಂದು ಕೇಳಿದರೆ, ಉಪ್ಪಕ್ಕ ಮೂಲೆಯ ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಹಾಕುತ್ತಾರೆ. ‘ಮೊದ್ಲು ಕೂತ್ಕೊಳ್ಳಿ. ಅರ್ಧ ಗಂಟೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಮೀನು ಕಲ್ಲಿನ ಹಿಂದೆ ಹೋಗುತ್ತೆ, ಹೋಗ್ಲಿ. ಗಟ್ಟಿ ಮೀನಾದ್ರೆ ವಾಪಸ್ ಬಂದು ನಿಮ್ಮನ್ನೇ ನೋಡುತ್ತೆ. ನೀವು ಅದನ್ನ ಆರಿಸೋದಲ್ಲ, ಅದು ನಿಮ್ಮನ್ನ ಆರಿಸುತ್ತೆ ಅನ್ಕೊಳ್ಳಿ.’ ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆಂದು ಎಣಿಸುತ್ತಾರೆ. ನೂರು ದಾಟಿದರೆ ಮಾರಾಟಕ್ಕಿಲ್ಲ. ತಲೆಯ ಹಿಂದೆ ಮೈ ಬತ್ತಿರಬಾರದು. ತೀರಾ ಮರಿಯೂ ಬೇಡ, ತೀರಾ ಬಲಿತದ್ದೂ ಬೇಡ, ಅಂಗೈ ಅಗಲದ್ದಾದರೆ ಹೊಸ ಮನೆಗೆ ಹೊಂದಿಕೊಳ್ಳುತ್ತದೆ. ಮತ್ತೆ, ಕೊಳ್ಳುವವರ ಕಣ್ಣೆದುರೇ ಅದು ತಿನ್ನಬೇಕು. ಕಡಲಲ್ಲಿ ಕಲ್ಲಿನ ಸಂದಿಗೆ ವಿಷ ಎರಚಿ, ಮೀನಿನ ಜ್ಞಾನ ತಪ್ಪಿಸಿ ಹಿಡಿಯುವ ಪಾಪಿಗಳಿದ್ದಾರೆ. ಅಂಥ ಮೀನು ನೋಡಲು ಚೆಂದವಾಗಿಯೇ ಇದ್ದು, ತಿಂಗಳೊಳಗೆ ಮಗುಚಿಕೊಳ್ಳುತ್ತದೆ. ಅದಕ್ಕೇ ಉಪ್ಪಕ್ಕ ಬಂದ ಮೀನನ್ನು ಕಡಿಮೆಯೆಂದರೂ ಮೂರು ವಾರ ಬಿಟ್ಟುಕೊಡುವುದಿಲ್ಲ.

ಮನೆಯಲ್ಲಿ ಅತ್ತೆ ಇದ್ದಾರೆ, ಎಂಬತ್ತರ ಹತ್ತಿರ. ‘ನಮ್ಮ ಸೊಸೆ ಊರ ಮೀನಿಗೆಲ್ಲ ಬಾಣಂತನ ಮಾಡ್ತಾಳೆ, ನನ್ನ ಕಾಲಿಗೆ ಎಣ್ಣೆ ಹಚ್ಚು ಅಂದ್ರೆ ಕೈ ಉಪ್ಪು ಅಂತಾಳೆ’ ಎಂದು ಬಂದವರೆದುರು ದೂರುತ್ತಾರೆ. ಗಂಡ ರಾತ್ರಿ ಪಾಳಿಯ ಕಾವಲುಗಾರ. ಅವರು ಮನೆಗೆ ಬರುವುದಕ್ಕೂ ಇವರು ಹೊರಡುವುದಕ್ಕೂ ಸರಿಹೋಗುತ್ತದೆ. ‘ನಮ್ಮ ಸಂಸಾರ ಎಲ್ಲ ಮೆಟ್ಟಿಲ ಮೇಲೇ’ ಎಂದು ಉಪ್ಪಕ್ಕ ನಗುತ್ತಾರೆ.

ನಗು ನಿಲ್ಲುವುದು ಆರು ವಾರದ ಹಿಂದಿನ ಸಂಗತಿ ಬಂದಾಗ.

ಅಂದು ಮಧ್ಯಾಹ್ನ, ಮನೆಗಳ ಒಳಾಂಗಣ ಅಲಂಕರಿಸುವ ಡಿಸೈನರ್ ಒಬ್ಬ ಬಕೆಟ್ ಹಿಡಿದು ಬರುತ್ತಾನೆ. ಹಿಂದೆ ಅವನ ಗಿರಾಕಿ, ಅವನು ಅಲಂಕರಿಸಿಕೊಟ್ಟ ಮನೆಯ ಒಡತಿ. ಬಕೆಟ್ಟಿನಲ್ಲಿ ಎಂಪರರ್. ಒಂದೂವರೆ ವರ್ಷದ ಹಿಂದೆ, ಉಪ್ಪಕ್ಕ ರಜೆಯಲ್ಲಿದ್ದ ಒಂದು ಭಾನುವಾರ, ಯಜಮಾನರೇ ಮಾರಿದ ಮರಿ ಅದು. ಮೂರಡಿ ತೊಟ್ಟಿಯಲ್ಲಿ ಬೆಳೆದು ರೆಕ್ಕೆಯ ಅಂಚು ಸವೆದಿದೆ. ಬಿಳಿ ಉಂಗುರಗಳ ನಡುವೆ ಹಳದಿ ಗೆರೆಗಳು ಇಣುಕುತ್ತಿವೆ.

‘ಮೇಡಂ ಮನೆ ಗೋಡೆಗೆಲ್ಲ ಬಿಳಿ ಉಂಗುರದ ವಾಲ್‌ಪೇಪರ್ ಹಾಕ್ಸಿದ್ದೇ ಈ ಮೀನಿಗೋಸ್ಕರ. ಈಗ ನೋಡಿ, ಬಣ್ಣ ಬಿಟ್ಟಿದೆ. ಏನೋ ಕಾಯಿಲೆ. ಬೇರೆ ಕೊಡಿ’ ಎನ್ನುತ್ತಾನೆ ಡಿಸೈನರ್.

ಉಪ್ಪಕ್ಕ ಬಕೆಟ್ಟಿನೊಳಗೆ ಬಗ್ಗಿ ನೋಡುತ್ತಾರೆ. ‘ಕಾಯಿಲೆ ಅಲ್ಲ ಸ್ವಾಮಿ, ದೊಡ್ಡದಾಗ್ತಿದೆ.’

‘ದೊಡ್ಡದಾದ್ರೆ ಬಣ್ಣ ಯಾಕೆ ಬದಲಾಗ್ಬೇಕು?’

‘ನಿಮಗೆ ಮೀಸೆ ಬಂದಾಗ ನಿಮ್ಮಮ್ಮ ನಿಮ್ಮನ್ನ ವಾಪಸ್ ಕೊಡೋಕೆ ಹೋಗಿದ್ರಾ?’

ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಯಜಮಾನರಿಗೆ ಫಕ್ಕನೆ ನಗು ಬಂತಂತೆ, ಗಿರಾಕಿಯ ಮುಖ ನೋಡಿ ನುಂಗಿಕೊಂಡರಂತೆ. ‘ಬಾಯಿ ಬೇಡ ಉಪ್ಪಕ್ಕ. ಒಳಗೆ ಹೊಸ ಮರಿ ಇದೆಯಲ್ಲ, ಹಿಡಿದುಕೊಡು.’

ಆ ಮರಿ ಬಂದು ಅಂದಿಗೆ ಹನ್ನೊಂದು ದಿನ. ಎಂಟು ದಿನ ಏನನ್ನೂ ಮುಟ್ಟದೆ, ಉಪ್ಪಕ್ಕ ಬಾಯಿ ಬಿಡಿಸಿದ ಕಪ್ಪೆಚಿಪ್ಪನ್ನು ಕಲ್ಲಿಗೆ ಕಟ್ಟಿ ಇಟ್ಟ ಮೇಲೆ, ಅದರೊಳಗಿನ ಮಾಂಸವನ್ನು ಕಚ್ಚಲು ಕಲಿತು ಮೂರೇ ದಿನ.

‘ಯಾವ ತೊಟ್ಟಿಗೆ?’ ಉಪ್ಪಕ್ಕ ಕೇಳುತ್ತಾರೆ.

‘ಅದೇ ತೊಟ್ಟಿಗೆ’ ಎನ್ನುತ್ತಾನೆ ಡಿಸೈನರ್.

‘ಮೂರಡಿಗಾ? ನಾನು ಹಿಡಿಯಲ್ಲ.’

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಯಜಮಾನರ ಮಾತಿಗೆ ಅವರ ಬಾಯಲ್ಲಿ ಇಲ್ಲ ಎಂಬ ಉತ್ತರ. ಯೋಚಿಸಿ ನೋಡಬೇಕು. ಗೋಡೆಯ ಕಾಗದಕ್ಕೆ ಹೊಂದಲಿಲ್ಲವೆಂದು ಒಂದು ಜೀವವನ್ನು ಹಿಂದಿರುಗಿಸುವುದು, ಇನ್ನೊಂದನ್ನು ಅದೇ ಸೆರೆಗೆ ಒಯ್ಯುವುದು, ಅದಕ್ಕೂ ಉಂಗುರ ಅಳಿದಾಗ ಮತ್ತೆ ಬಕೆಟ್! ಪರದೆಯ ಬಟ್ಟೆಯೇ ಇದು, ಮಾಸಿತೆಂದು ಬದಲಾಯಿಸಲು? ಹುಟ್ಟಿಸಿದವನು ಕೊಟ್ಟ ಬಣ್ಣದ ಮೇಲೆ ತಕರಾರು ಮಾಡಲು ನಾವು ಯಾರು? ಕಾಸು ಕೊಟ್ಟವನಿಗೆ ಪ್ರಾಣದ ಮೇಲೂ ಹಕ್ಕು ಬಂತೆಂದು ಯಾವ ಧರ್ಮ ಹೇಳಿದೆ?

ಯಜಮಾನರು ಸಿಟ್ಟಿನಿಂದ ಎದ್ದು, ತಾವೇ ಬಲೆ ತೆಗೆದುಕೊಂಡು ತೊಟ್ಟಿಗೆ ಕೈಹಾಕುತ್ತಾರೆ. ಉಪ್ಪಕ್ಕ ಅವರ ಮಣಿಕಟ್ಟು ಹಿಡಿಯುತ್ತಾರೆ. ‘ಬಲೆ ಬೇಡ ಯಜಮಾನ್ರೆ. ಏಂಜಲ್‌ಗೆ ಕೆನ್ನೆಯಲ್ಲಿ ಮುಳ್ಳಿರುತ್ತೆ. ಬಲೆಗೆ ಸಿಕ್ಕಿದ್ರೆ ಮುಖ ಹರಿದುಹೋಗುತ್ತೆ. ಡಬ್ಬಿಯಲ್ಲಿ ಹಿಡೀಬೇಕು.’

ಮನೆಯೊಡತಿ ಗೋಡೆಯ ಮೇಲಿನ ಫೋಟೋ ನೋಡುತ್ತಾರೆ, ಬಲೆ ಹಿಡಿದು ನಿಂತವರನ್ನು ನೋಡುತ್ತಾರೆ. ‘ತಜ್ಞರು ನೀವೇ ಅಲ್ವಾ?’ ಎಂದು ಕೇಳುತ್ತಾರೆ. ಯಜಮಾನರು ಬಲೆಯನ್ನು ಕೆಳಗಿಡುತ್ತಾರೆ. ಆಕೆ ತಿರುಗಿ ಉಪ್ಪಕ್ಕನನ್ನು ಕೇಳುತ್ತಾರೆ: ‘ಹಾಗಾದ್ರೆ ನಮ್ಮ ತೊಟ್ಟಿಗೆ ಯಾವುದು ಆಗುತ್ತೆ?’

‘ಏಂಜಲ್‌ನಲ್ಲಿ ದೊಡ್ಡ ಜಾತಿಯವು ಯಾವುದೂ ಆಗಲ್ಲಮ್ಮ. ಇದಕ್ಕೆ ಕಡಿಮೆ ಅಂದ್ರೂ ಆರಡಿ ಬೇಕು. ಒಂದು ತೊಟ್ಟಿಗೆ ಒಂದೇ, ಎರಡು ಬಿಟ್ರೆ ಕಾದಾಡ್ತವೆ. ಹವಳ ಇಟ್ಟಿದ್ರೆ ಕುಕ್ಕಿ ತಿಂದುಬಿಡುತ್ತೆ. ಇಷ್ಟೆಲ್ಲ ಒಪ್ಕೊಂಡ್ರೆ ಇದರಂಥ ಸಂಗಾತಿ ಇಲ್ಲ. ಮನೆಯೋರ ಮುಖ ಗುರುತು ಹಿಡಿಯುತ್ತೆ.’

‘ಇದೂ ಬಣ್ಣ ಬದಲಾಯಿಸುತ್ತಾ?’

‘ಬದಲಾಗ್ಲೇಬೇಕು. ಆಗ್ಲಿಲ್ಲ ಅಂದ್ರೆ ಸಾಕಿದೋರು ಏನೋ ತಪ್ಪು ಮಾಡಿದಾರೆ ಅಂತ.’

ಮನೆಯೊಡತಿ ಮೀನಿಲ್ಲದೆ ಹೊರಡುತ್ತಾರೆ. ಕ್ಷಮೆ ಕೇಳುವುದಿಲ್ಲ, ಬಕೆಟ್ಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಅವರ ಮನೆಯಲ್ಲಿ ತೊಟ್ಟಿಯಿದ್ದ ಗೋಡೆಗೆ ಈಗ ಟೀವಿ ಬಂದಿದೆಯಂತೆ. ‘ಒಳ್ಳೇದೇ ಆಯ್ತು. ಟೀವಿ ಬೆಳೆಯಲ್ಲ’ ಎನ್ನುತ್ತಾರೆ ಉಪ್ಪಕ್ಕ.

ಬಕೆಟ್ಟಿನಲ್ಲಿ ಬಂದದ್ದು ಈಗ ಅಂಗಡಿಯ ಮುಂದಿನ ಎಂಟಡಿ ತೊಟ್ಟಿಯಲ್ಲಿದೆ. ಸವೆದ ರೆಕ್ಕೆ ಚಿಗುರಿದೆ, ಹಳದಿ ಗೆರೆಗಳು ದಿನದಿನಕ್ಕೆ ಸ್ಪಷ್ಟವಾಗುತ್ತಿವೆ. ಬಂದವರಿಗೆ ಯಜಮಾನರು, ‘ಮರಿಯಿಂದ ನಾನೇ ಸಾಕಿದ್ದು’ ಎಂದು ತೋರಿಸುತ್ತಾರೆ. ಕೇಳಿಸಿಕೊಳ್ಳುತ್ತ ಉಪ್ಪಕ್ಕ ಪಕ್ಕದಲ್ಲೇ ಬಕೆಟ್ ಹೊರುತ್ತಾರೆ. ಅವರನ್ನು ಕೆಲಸದಿಂದ ತೆಗೆದಿಲ್ಲ. ತೆಗೆದರೆ ನಾಳೆ ನೀರು ಕಲಸುವವರಾರು? ಆದರೆ ಅಂದಿನ ಅವಮಾನವನ್ನು ಯಜಮಾನರು ಮರೆತೂ ಇಲ್ಲ. ತಿಂಗಳ ಕೊನೆಯೊಳಗೆ ಒಳಗಿನ ಮರಿ ಹೋಗಲೇಬೇಕು, ಯಾರು ಕೇಳಿದರೂ ಸರಿ, ಯಾವ ತೊಟ್ಟಿಯಾದರೂ ಸರಿ ಎಂದು ಹೇಳಿಬಿಟ್ಟಿದ್ದಾರೆ. ಉಳಿದಿರುವುದು ಹನ್ನೆರಡು ದಿನ.

ಮರಿ ಈಗ ದಿನಕ್ಕೆ ಮೂರು ಹೊತ್ತು ತಿನ್ನುತ್ತದೆ. ಉಪ್ಪಕ್ಕ ಹತ್ತಿರ ಬಂದರೆ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತದೆ. ಬಾಲದ ಹತ್ತಿರದ ಒಂದು ಉಂಗುರ ಆಗಲೇ ಮಸುಕಾಗತೊಡಗಿದೆ. ಅದನ್ನು ಮೊದಲು ಕಂಡವರು ಉಪ್ಪಕ್ಕ, ಯಾರಿಗೂ ಹೇಳಿಲ್ಲ.

ಈ ಬರಹಕ್ಕೆಂದು ನಮ್ಮ ಜೊತೆ ಬಂದ ಪತ್ರಿಕೆಯ ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದಾಗ ಉಪ್ಪಕ್ಕ ಒದ್ದೆ ಕೈಯನ್ನು ಅಡ್ಡ ಹಿಡಿಯುತ್ತಾರೆ.

‘ನನ್ನ ಫೋಟೋ ಕಟ್ಕೊಂಡು ಯಾರಿಗೇನಾಗ್ಬೇಕು? ಈ ಮರೀದು ಹಾಕಿ, ದೊಡ್ಡದಾಗಿ ಹಾಕಿ. ಕೆಳಗೆ ಬರೀರಿ, ಆರಡಿ ತೊಟ್ಟಿ ಇರೋರು ಮಾತ್ರ ಬರ್ಲಿ ಅಂತ. ಬೆಳಿಗ್ಗೆನೇ ಬಂದ್ರೆ ನಾನೇ ಇರ್ತೀನಿ, ಡಬ್ಬಿಯಲ್ಲಿ ಹಿಡಿದುಕೊಡ್ತೀನಿ. ಮತ್ತೆ ಬಣ್ಣ ಬದಲಾಗುತ್ತೆ ಅಂತಾನೂ ಬರೀರಿ. ಮರೀಬೇಡಿ.’